ಪೊಲೀಸ್ ಡಿಪಾರ್ಟ್‌ಮೆಂಟಿನ ಹಳೇ ಗಾಡಿ ಕೊಳ್ಳುವ ಮುಂಚೆ: ಜೀಪಾ, ಜಿಪ್ಸಿನಾ, ಬೊಲೆರೊನಾ, ಅಂಬಾಸಿಡರಾ?

ಹಾಸನ, ಚಿಕ್ಕಮಗಳೂರು ಕಡೆ ಹಳೇ ಜೀಪು ಮಾರುವವರ ಬಾಯಲ್ಲಿ ವೀರಪ್ಪನ್ ಇನ್ನೂ ಸತ್ತಿಲ್ಲ. 2004ರ ಅಕ್ಟೋಬರ್ 18ಕ್ಕೆ ಅವನ ಕಥೆ ಮುಗಿಯಿತು ಅಂತ ಊರಿಗೆಲ್ಲ ಗೊತ್ತು. ಆದರೂ ಯಾವ ಶೆಡ್ಡಿಗೆ ಹೋದರೂ ಮೂಲೆಯಲ್ಲಿ ಒಂದು ಜೀಪು ನಿಂತಿರುತ್ತದೆ. ಪಕ್ಕದಲ್ಲಿ ಒಬ್ಬರು ನಿಂತು, ದನಿ ತಗ್ಗಿಸಿ, ‘ಎಸ್‌ಟಿಎಫ್ ಗಾಡಿ ಸಾರ್ ಇದು’ ಎನ್ನುತ್ತಾರೆ, ಅಂದರೆ ವೀರಪ್ಪನ್‌ನನ್ನು ಹುಡುಕಿದ ವಿಶೇಷ ಪೊಲೀಸ್ ಪಡೆಯದ್ದು. ಕೊಪ್ಪ, ಶೃಂಗೇರಿ ಕಡೆ ಹೋದರೆ ಅದೇ ಮಾತು ‘ನಕ್ಸಲ್ ಕೂಂಬಿಂಗ್‌ಗೆ ಹೋಗ್ತಿದ್ದ ಗಾಡಿ’ ಆಗುತ್ತದೆ. ರೇಟು ಮಾತ್ರ ಎರಡು ಕಡೆಯೂ ಒಂದೇ ಥರ ಏರುತ್ತದೆ.

ನಾನೂ ಆ ದನಿಗೆ ಒಮ್ಮೆ ಸೋತವನೇ. 2016ರಲ್ಲಿ ಸಕಲೇಶಪುರದ ಹತ್ತಿರ, ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ನಿಂತಿದ್ದ ಒಂದು ಕಮಾಂಡರ್ ಜೀಪು ತಗೊಂಡೆ. 1993ರಲ್ಲಿ ವೀರಪ್ಪನ್ ಕಡೆಯವರು ನೆಲಬಾಂಬ್ ಇಟ್ಟ ಪಾಲಾರ್ ಸ್ಫೋಟ ಆದಾಗ ಇದು ಎಸ್‌ಟಿಎಫ್‌ನಲ್ಲಿತ್ತು ಅಂತ ಮಾರಿದವರು ಹೇಳಿದರು. ನಾನು ತಲೆಯಾಡಿಸಿದೆ. ಮನೆಗೆ ತಂದು ಎರಡು ತಿಂಗಳಾದ ಮೇಲೆ ಆರ್‌ಸಿಯನ್ನು ಕೂತು ಓದಿದೆ. ಗಾಡಿ ತಯಾರಾದ ವರ್ಷ 1997. ಆರ್‌ಟಿಒ ಆಫೀಸಿನಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಹಿಂದಿನ ಮಾಲೀಕರ ಹೆಸರೂ ಇರುವ ನೋಂದಣಿ ದಾಖಲೆಯ ಪ್ರತಿ, ತೆಗೆಸಿದೆ. ಮೊದಲ ಮಾಲೀಕರು ಕುಡಿಯುವ ನೀರಿನ ಕೆಲಸ ನೋಡುವ ಒಂದು ಸರ್ಕಾರಿ ಕಚೇರಿ! ಕಾಡಲ್ಲಿ ಕಳ್ಳನನ್ನು ಹುಡುಕಿದ ಗಾಡಿಯಲ್ಲ, ಊರೂರಲ್ಲಿ ಬೋರ್‌ವೆಲ್‌ಗೆ ಜಾಗ ಹುಡುಕಿದ ಗಾಡಿ. ಮನೆಯವಳು ಇವತ್ತಿಗೂ ಅದನ್ನು ‘ನಿಮ್ಮ ಬೋರ್‌ವೆಲ್’ ಅಂತಲೇ ಕರೆಯುತ್ತಾಳೆ.

ಆಮೇಲೆ ನಿಜವಾದ ಎರಡು ಡಿಪಾರ್ಟ್‌ಮೆಂಟ್ ಗಾಡಿಗಳು ನನ್ನ ಶೆಡ್ಡಿಗೆ ಬಂದವು. ಒಂದು ಬುಲೆಟ್, ಒಂದು ಬೊಲೆರೊ. ನೋಡಿ ಬಿಟ್ಟು ಬಂದವು ಇನ್ನೂ ಜಾಸ್ತಿ. ಹೀಗಾಗಿ ಈ ಹೋಲಿಕೆಯಲ್ಲಿ ಮೈಲೇಜು, ಪಿಕಪ್ಪು ಆಮೇಲೆ. ನಾನು ಮೊದಲು ಕೇಳುವುದು ಒಂದೇ: ಈ ಗಾಡಿ ತನ್ನ ಬಗ್ಗೆ ಹೇಳುವ ಕಥೆಯನ್ನು ತಾಳೆ ನೋಡುವುದಕ್ಕೆ ಆಗುತ್ತದಾ?

ಓಡಿಸಿದ್ದು, ಹಿಡಿದದ್ದು, ಬಳಿದದ್ದು

‘ಪೊಲೀಸ್ ಗಾಡಿ’ ಅಂತ ಮಾರುಕಟ್ಟೆಯಲ್ಲಿ ಸಿಗುವುದು ಮೂರು ಜಾತಿ. ಪೊಲೀಸರು ಓಡಿಸಿದ್ದು ಮೊದಲನೆಯದು. ಪೊಲೀಸರು ಹಿಡಿದು ಠಾಣೆ ಮುಂದೆ ನಿಲ್ಲಿಸಿದ್ದು ಎರಡನೆಯದು. ಪೊಲೀಸ್ ಗಾಡಿಯ ಥರ ಯಾರೋ ಬಣ್ಣ ಬಳಿದದ್ದು ಮೂರನೆಯದು. ಮೂರನ್ನೂ ಒಂದೇ ರೇಟಿಗೆ, ಒಂದೇ ಹೆಸರಲ್ಲಿ ಮಾರುತ್ತಾರೆ.

ಮೂರನೆಯದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶೂಟಿಂಗ್‌ಗೆ ಬಾಡಿಗೆ ಹೋಗುತ್ತಿದ್ದ ಗಾಡಿ ಅಂತ ಒಪ್ಪಿಕೊಂಡು ಮಾರಿದರೆ ತಪ್ಪೇನಿಲ್ಲ. ಒಪ್ಪಿಕೊಳ್ಳುವವರು ಕಮ್ಮಿ.

ಎರಡನೆಯದು ಬೇರೆಯೇ ಲೋಕ. ಠಾಣೆಯ ಕಾಂಪೌಂಡಿನಲ್ಲಿ ಬಳ್ಳಿ ಹಬ್ಬಿಕೊಂಡು ನಿಂತ ಓಮ್ನಿ, ಸುಮೋ, ಪಿಕಪ್‌ಗಳನ್ನು ನೀವೂ ನೋಡಿರುತ್ತೀರಿ. ಅವು ಕೇಸಿನ ಮುದ್ದೆಮಾಲು. ಹಾಗೆ ವರ್ಷಗಟ್ಟಲೆ ಕೊಳೆಯಲು ಬಿಡಬೇಡಿ, ಬಾಂಡ್ ಬರೆಸಿಕೊಂಡು ಬೇಗ ಬಿಡುಗಡೆ ಮಾಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಬಳ್ಳಿ ಮಾತ್ರ ಇನ್ನೂ ಹಬ್ಬುತ್ತಲೇ ಇದೆ. ಮಲೆನಾಡಿನಲ್ಲಿ ಅರಣ್ಯ ಇಲಾಖೆಯವರು ಹಿಡಿದ ಗಾಡಿಗಳೂ ಇವುಗಳ ಜೊತೆಗಿರುತ್ತವೆ. ಗಂಧ, ಬೀಟೆ ಸಾಗಿಸಿದ ಗಾಡಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೇ ಅವಕಾಶವಿದೆ. ಹೆಂಡ ಸಾಗಿಸಿದ ಗಾಡಿಗೆ 1965ರ ಅಬಕಾರಿ ಕಾಯ್ದೆ.

ಇಂಥ ಗಾಡಿಯ ಇತಿಹಾಸ ನಿಜಕ್ಕೂ ರೋಚಕ. ಸೀಟಿನ ಕೆಳಗೆ ಕಳ್ಳ ಖಾನೆ ಮಾಡಿ ಮೇಲೆ ಮ್ಯಾಟು ಹಾಸಿದ್ದ ಒಂದು ಓಮ್ನಿಯನ್ನು ನಾನೇ ನೋಡಿದ್ದೇನೆ. ಸಂಗ್ರಹ ಮಾಡುವವರಿಗೆ ಅದಕ್ಕಿಂತ ಬೇಕೇ? ಆದರೆ ತೊಂದರೆ ಬೆನ್ನಿಗೇ ಬರುತ್ತದೆ. ಕಳ್ಳ ದಂಧೆಯ ಗಾಡಿಗಳಲ್ಲಿ ಚಾಸಿ ನಂಬರನ್ನು ಉಜ್ಜಿ ಹಾಕಿರುವುದುಂಟು. ಬ್ಯಾಂಕಿನ ಸಾಲ ಹಾಗೇ ಉಳಿದು ಆರ್‌ಸಿಯಲ್ಲಿ ಎಚ್‌ಪಿ, ಅಂದರೆ ಸಾಲಕ್ಕೆ ಗಾಡಿ ಒತ್ತೆ ಇದೆ ಎಂಬ ನಮೂದು, ಕೂತಿರುತ್ತದೆ. ಮುಟ್ಟುಗೋಲಿನ ಆದೇಶದ ಮೇಲೆ ಹಳೇ ಮಾಲೀಕ ಅಪೀಲು ಹೋಗಿರಲೂಬಹುದು. ಆದೇಶದ ಪ್ರತಿ, ಹರಾಜಿನ ರಸೀದಿ, ಬಿಡುಗಡೆ ಪತ್ರ ಮೂರೂ ಕೈಗೆ ಸಿಗದೆ ಮುಂಗಡ ಕೊಡಬೇಡಿ. ಮೊದಲ ಸಲ ಕೊಳ್ಳುವವರಿಗೆ ಈ ದಾರಿ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ.

2023 ಎಂಬ ಗೆರೆ

ಇನ್ನು ಮೊದಲನೆಯ ಜಾತಿ, ಅಂದರೆ ಪೊಲೀಸರೇ ಓಡಿಸಿದ್ದು. ಇಲ್ಲೊಂದು ನಿಯಮ ತಿಳಿದಿರಲೇಬೇಕು. 2023ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರ್ಕಾರಿ ವಾಹನದ ನೋಂದಣಿ ನವೀಕರಣ ಆಗುವುದಿಲ್ಲ. ಅದು ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಗಬೇಕು. ರಕ್ಷಣೆ, ಕಾನೂನು ಸುವ್ಯವಸ್ಥೆಗೆ ಬಳಸುವ ಶಸ್ತ್ರಸಜ್ಜಿತ ಮತ್ತು ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಠಾಣೆಯ ಸಾಮಾನ್ಯ ಬೊಲೆರೊಗೆ ಅದು ಸಿಗುತ್ತದೆ ಅಂತ ಭಾವಿಸಬೇಡಿ.

ಮೊದಲೆಲ್ಲ ಹೀಗಿರಲಿಲ್ಲ. ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನದಲ್ಲಿ ಕಂಡಮ್ ಆದ, ಅಂದರೆ ಬಳಕೆಗೆ ಬಾರದು ಅಂತ ಬಿಟ್ಟ, ಜೀಪುಗಳನ್ನು ಸಾಲಾಗಿ ನಿಲ್ಲಿಸಿ ಹರಾಜು ಹಾಕುತ್ತಿದ್ದರು. ಎಸ್ಟೇಟಿನವರು, ಗ್ಯಾರೇಜಿನವರು, ಗುಜರಿಯವರು ಒಂದೇ ಮರದ ನೆರಳಲ್ಲಿ ನಿಂತು ಕೂಗುತ್ತಿದ್ದರು. ಈಗ ಹರಾಜು ಬಹುಪಾಲು ಆನ್‌ಲೈನ್. ಎಂಎಸ್‌ಟಿಸಿ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯ ಜಾಲತಾಣದಲ್ಲಿ ಇಎಂಡಿ (ಮುಂಗಡ ಠೇವಣಿ) ಕಟ್ಟಿ ಬಿಡ್ ಹಾಕುವ ಪದ್ಧತಿ.

ಕೊಳ್ಳುವವರಿಗೆ ಇದರ ಅರ್ಥ ಏನು? 2023ಕ್ಕೆ ಮೊದಲೇ ಹರಾಜಾಗಿ ಖಾಸಗಿ ಹೆಸರಿಗೆ ಬಂದ ಹಳೇ ಗಾಡಿ ಚಲಾವಣೆಯಲ್ಲಿ ಇರಬಹುದು. ಅದರ ಆರ್‌ಸಿಯನ್ನು ಬೇರೆ ಖಾಸಗಿ ಗಾಡಿಯ ಹಾಗೇ ನವೀಕರಿಸಬಹುದು. ಆದರೆ ಇವತ್ತು ಯಾರಾದರೂ ಜಿ ಸರಣಿಯ ನಂಬರ್ ಪ್ಲೇಟ್ ಇರುವ, 15 ವರ್ಷ ದಾಟಿದ ಜೀಪು ತೋರಿಸಿ ‘ಪೇಪರ್ ಮಾಡಿಸಿಕೊಡ್ತೀನಿ’ ಅಂದರೆ ಕಾಫಿ ಕುಡಿದು ಎದ್ದು ಬನ್ನಿ. ಕೆಎ 13 ಜಿ ಹಾಸನದ ಸರ್ಕಾರಿ ಗಾಡಿ, ಕೆಎ 18 ಜಿ ಚಿಕ್ಕಮಗಳೂರಿನದು. ಆ ಜಿ ಇನ್ನೂ ಹೋಗಿಲ್ಲ ಅಂದರೆ ಗಾಡಿ ಸರ್ಕಾರದ ಹೆಸರಿನಿಂದ ಇಳಿದೇ ಇಲ್ಲ.

ಜೀಪು: ಮನಸ್ಸಿಗೆ ಮೊದಲನೆಯದು, ನಂಬಿಕೆಗೆ ಕೊನೆಯದು

ಮಲೆನಾಡಿನವರಿಗೆ ಜೀಪು ಅಂದರೆ ಮಹೀಂದ್ರ. ಎಂಎಂ 540, ಕಮಾಂಡರ್, ಮೇಜರ್. ಪ್ಯೂಜೋ ಮೂಲದ ಎಕ್ಸ್‌ಡಿಪಿ ಡೀಸೆಲ್ ಇಂಜಿನ್ 2112 ಸಿಸಿ. ಎಂಡಿಐ ಇಂಜಿನ್ ಆದರೆ 2523 ಸಿಸಿ. ಎರಡನ್ನೂ ರಿಪೇರಿ ಮಾಡುವ ಕೈಗಳು ಹಾಸನದ ಬಿ.ಎಂ. ರಸ್ತೆಯಿಂದ ಹಿಡಿದು ಬಾಳೆಹೊನ್ನೂರಿನವರೆಗೆ ಇವೆ. ಮೂಡಿಗೆರೆಯ ತೋಟದ ದಾರಿಯಲ್ಲಿ, ಜೂನ್ ಕೆಸರಿನಲ್ಲಿ, ಇದರಷ್ಟು ಖುಷಿ ಕೊಡುವ ಗಾಡಿ ಇನ್ನೊಂದಿಲ್ಲ. ಇಷ್ಟು ಹೇಳಿದ ಮೇಲೆ ಕೆಟ್ಟ ಸುದ್ದಿ ಹೇಳಬಹುದು.

ಜೀಪಿಗೆ ಚಾಸಿ ಬೇರೆ, ಬಾಡಿ ಬೇರೆ. ಬೋಲ್ಟು ಬಿಚ್ಚಿದರೆ ಬಾಡಿ ಎತ್ತಿ ಪಕ್ಕಕ್ಕಿಡಬಹುದು. ಮಳೆ ನಾಡಿನಲ್ಲಿ ತುಕ್ಕು ತಿಂದ ಬಾಡಿಯನ್ನು ಬಿಸಾಕಿ ಬೇರೆ ಕೂರಿಸುವುದು ಮಾಮೂಲು. ಗಮನಿಸಿ, ಪೊಲೀಸ್ ಗುರುತುಗಳೆಲ್ಲ ಇರುವುದು ಬಾಡಿಯ ಮೇಲೆ. ಟಾಪ್ ಲೈಟಿನ ತೂತು, ವೈರ್‌ಲೆಸ್ ಸೆಟ್ಟಿನ ಬ್ರಾಕೆಟ್ಟು, ಏರಿಯಲ್ ಕಂಬಿಯ ಜಾಗ, ಎಲ್ಲವೂ. ಗಾಡಿಯ ಕಾನೂನು ಗುರುತು ಇರುವುದು ಚಾಸಿಯ ಮೇಲೆ. ಹೀಗಾಗಿ ನಿಜವಾದ ಪೊಲೀಸ್ ಬಾಡಿ ಯಾವುದೋ ತೋಟದ ಜೀಪಿನ ಚಾಸಿ ಮೇಲೆ ಕೂತಿರಬಹುದು. ನಿಜವಾದ ಪೊಲೀಸ್ ಚಾಸಿ ಮೇಲೆ ಹೊಸ ತಗಡಿನ ಬಾಡಿ ಕೂತಿರಬಹುದು. ಎರಡರಲ್ಲಿ ಯಾವುದನ್ನು ಡಿಪಾರ್ಟ್‌ಮೆಂಟ್ ಜೀಪು ಅನ್ನುತ್ತೀರಿ? ನಾನು ಚಾಸಿಯ ಪರ. ನನ್ನ ಮೆಕ್ಯಾನಿಕ್ ಬಾಡಿಯ ಪರ. ‘ಅಣ್ಣ, ಚಾಸಿ ಮೇಲೆ ಯಾವ ಇನ್‌ಸ್ಪೆಕ್ಟರ್ರೂ ಕೂತಿರಲ್ಲ’ ಅನ್ನುತ್ತಾನೆ. ಈ ವಾದ ಎಂಟು ವರ್ಷದಿಂದ ನಡೆಯುತ್ತಿದೆ.

ಇದರ ಮೇಲೆ ಹರಿಯಾಣದ ಮಂಡಿ ಡಬ್ವಾಲಿಯ ಜೀಪುಗಳು ಬೇರೆ. ಅಲ್ಲಿ ಹಳೇ ಬಿಡಿಭಾಗ, ಹೊಸ ಬಾಡಿ ಸೇರಿಸಿ ಜೀಪು ಕಟ್ಟುವುದೇ ಒಂದು ಕಸುಬು. ನೋಡಲು ಚಂದ. ಆದರೆ ತಯಾರಕರು ಕೊಟ್ಟ ಮೂಲ ರೂಪಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್) ಮಾಡಿಸಲು ಹೋದಾಗ ಅದರ ಬಿಸಿ ತಟ್ಟುತ್ತದೆ.

ನನ್ನ ಬೋರ್‌ವೆಲ್ ಮೊದಲ ವರ್ಷವೇ ಒಂದು ಲಕ್ಷ ನಲವತ್ತು ಸಾವಿರ ನುಂಗಿತು. ಇಂಜಿನ್ ಬೋರ್ ಮಾಡಿಸಿದೆ, ಗೇರ್ ಬಾಕ್ಸ್ ಇಳಿಸಿದೆ, ಟಿಂಕರಿಂಗ್ ಕೆಲಸ ಮುಗಿಯಲೇ ಇಲ್ಲ. ಆದರೂ ಮಾರಿಲ್ಲ. ಅದು ಬೇರೆ ವಿಷಯ.

ಜಿಪ್ಸಿ

ಮಾರುತಿ ಜಿಪ್ಸಿ 1985ರ ಕೊನೆಯಲ್ಲಿ ಬಂತು. ಮೊದಲು 970 ಸಿಸಿ, 1996ರಿಂದ 1298 ಸಿಸಿಯ ಜಿಪ್ಸಿ ಕಿಂಗ್. ಕಾರ್ಖಾನೆಯಿಂದ ಬಂದದ್ದು ಪೆಟ್ರೋಲ್ ಮಾತ್ರ. 2019ರಲ್ಲಿ ಸಾಮಾನ್ಯರಿಗೆ ಮಾರಾಟ ನಿಂತಿತು. ನಿಂತ ಮೇಲೆ ರೇಟು ಮೇಲಕ್ಕೆ ಹೋಯಿತು, ಇನ್ನೂ ಇಳಿದಿಲ್ಲ.

ಗಾಡಿಯಾಗಿ ನೋಡಿದರೆ ಜೀಪಿಗಿಂತ ಇದೇ ಮೇಲು. ಹಗುರ, ಫೋರ್ ಬೈ ಫೋರ್, ಬಿಸಿಲೆ ಘಾಟಿಯಲ್ಲಿ ಬೆನ್ನು ಮುರಿದರೂ ದಾರಿ ಮಧ್ಯೆ ಕೈ ಕೊಡುವುದು ಅಪರೂಪ. ಪೆಟ್ರೋಲ್ ಕುಡಿಯುವುದನ್ನು ನೋಡಿ ನೊಂದುಕೊಳ್ಳಬಾರದು ಅಷ್ಟೇ.

ಇದರ ಗೊಂದಲ ಬೇರೆ ಥರದ್ದು. ಪೊಲೀಸರಷ್ಟೇ, ಬಹುಶಃ ಅವರಿಗಿಂತ ಜಾಸ್ತಿ, ಜಿಪ್ಸಿ ಓಡಿಸಿದ್ದು ಸೈನ್ಯ. ಸೈನ್ಯದಿಂದ ಬಿಡುಗಡೆಯಾದ ಜಿಪ್ಸಿಗೆ ಬಿಳಿ ಬಣ್ಣ ಹೊಡೆದು ‘ಎಸ್‌ಪಿ ಎಸ್ಕಾರ್ಟ್’ ಅಂತ ಮಾರುವವರಿದ್ದಾರೆ. ಕಂಡುಹಿಡಿಯುವುದು ಸುಲಭ. ಬಾಗಿಲಿನ ರಬ್ಬರ್ ಎತ್ತಿ ನೋಡಿ, ಡ್ಯಾಶ್‌ಬೋರ್ಡಿನ ಹಿಂದೆ ಟಾರ್ಚ್ ಬಿಟ್ಟು ನೋಡಿ. ಆಲಿವ್ ಹಸಿರು ಕಂಡರೆ ಅದು ಫೌಜಿ ಗಾಡಿ. ಕೆಟ್ಟದ್ದೇನಲ್ಲ, ಆದರೆ ಬೇರೆ ಕಥೆ, ಬೇರೆ ಬೆಲೆ. ಹಾಗಂತ ಆ ಹಸಿರನ್ನೇ ಮತ್ತೆ ಹೊಡೆಸಲು ಹೋಗಬೇಡಿ. ರಕ್ಷಣಾ ಇಲಾಖೆ ಬಿಟ್ಟು ಬೇರೆಯವರು ಆಲಿವ್ ಹಸಿರು ಬಳಿಯುವ ಹಾಗಿಲ್ಲ, ಕೇಂದ್ರ ಮೋಟಾರು ವಾಹನ ನಿಯಮ 121.

ಬೊಲೆರೊ: ಯಾರೂ ಆಸೆಪಡದ್ದು

ಸಂಗ್ರಹ ಮಾಡುವವರು ಬೊಲೆರೊ ಅಂದರೆ ಮೂಗು ಮುರಿಯುತ್ತಾರೆ. 2000ದಲ್ಲಿ ಬಂದ ಗಾಡಿ, ಎಲ್ಲ ಊರಲ್ಲೂ ಇದೆ, ಹಾಲು ಸಾಗಿಸುವವರ ಹತ್ತಿರವೂ ಇದೆ. ಇದರಲ್ಲೇನು ವಿಶೇಷ ಅಂತ.

ವಿಶೇಷ ಇರುವುದೇ ಅಲ್ಲಿ. ಯಾರೂ ಆಸೆಪಡದ ಗಾಡಿಗೆ ಯಾರೂ ಕಥೆ ಕಟ್ಟುವುದಿಲ್ಲ. ಸುಳ್ಳು ಬೊಲೆರೊ ತಯಾರು ಮಾಡಿ ಯಾರಿಗೂ ಲಾಭವಿಲ್ಲ. ಹಳ್ಳಿ ಠಾಣೆಗಳಲ್ಲಿ ನಿಜವಾಗಿ ದುಡಿದ ಗಾಡಿ ಅಂದರೆ ಇದೇ. ಗಣೇಶನ ಬಂದೋಬಸ್ತು, ಬೇಲೂರಿನ ತೇರು, ಹಾಸನಾಂಬೆಯ ಜಾತ್ರೆ ಕ್ಯೂ, ಆನೆ ಬಂತು ಅಂತ ರಾತ್ರಿ ಫೋನ್ ಬಂದರೆ ಮೊದಲು ಹೊರಡುವುದು, ಎಲ್ಲ ಬೊಲೆರೊ. ದಾಖಲೆಗಳೂ ಇತ್ತೀಚಿನವು, ಕಂಪ್ಯೂಟರಿಗೆ ಏರಿದಂಥವು. ನನ್ನದರ ಬಿ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಮೊದಲ ಮಾಲೀಕರ ಜಾಗದಲ್ಲಿ ಜಿಲ್ಲಾ ಪೊಲೀಸ್ ಕಚೇರಿಯ ಹೆಸರೇ ಇತ್ತು. ಅದನ್ನು ಓದಿದ ದಿನ ನನಗಾದ ಖುಷಿ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಕೊಳ್ಳುವಾಗ ಒಂದು ಎಚ್ಚರ. ಮೀಟರ್ ತೋರಿಸುವ ಕಿಲೋಮೀಟರ್ ನಂಬಬೇಡಿ. ಮೀಟರ್ ತಿರುಗಿಸಿರುತ್ತಾರೆ ಅಂತಲ್ಲ. ಪೊಲೀಸ್ ಗಾಡಿ ನಿಂತಲ್ಲೇ ಬಹಳ ಹೊತ್ತು ಸ್ಟಾರ್ಟ್‌ನಲ್ಲಿ ಇರುತ್ತದೆ. ಲೈಟು ಉರಿಯಬೇಕು, ವೈರ್‌ಲೆಸ್ ಮಾತಾಡಬೇಕು, ಬ್ಯಾಟರಿ ಇಳಿಯಬಾರದು. ಕಿಲೋಮೀಟರ್ ಏರುವುದಿಲ್ಲ, ಇಂಜಿನ್ ಸವೆಯುತ್ತಲೇ ಇರುತ್ತದೆ. ಅಮೆರಿಕದಲ್ಲಿ ಫೋರ್ಡ್ ಕ್ರೌನ್ ವಿಕ್ಟೋರಿಯಾ ಎಂಬ ಹಳೇ ಪೊಲೀಸ್ ಕಾರಿಗೆ ದೊಡ್ಡ ಅಭಿಮಾನಿ ಬಳಗವಿದೆ. ಅವರೂ ಮೊದಲು ಕೇಳುವುದು ಎಷ್ಟು ಮೈಲಿ ಅಂತಲ್ಲ, ಇಂಜಿನ್ ಎಷ್ಟು ಗಂಟೆ ಓಡಿದೆ ಅಂತ. ನಮ್ಮ ಹಳೇ ಬೊಲೆರೊದಲ್ಲಿ ಗಂಟೆ ಲೆಕ್ಕ ಇಡುವ ಮೀಟರ್ ಇಲ್ಲ. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಹೊಗೆಯ ಬಣ್ಣ ನೋಡಿ, ಆಯಿಲ್ ಮುಚ್ಚಳ ತೆಗೆದು ಎಷ್ಟು ಬುಸುಗುಟ್ಟುತ್ತದೆ ನೋಡಿ. ನೀವು ಹೋಗುವ ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ.

ಸುಮೋ, ಕ್ವಾಲಿಸ್ ಬಗ್ಗೆ ಎರಡು ಮಾತು ಸಾಕು. ಕ್ವಾಲಿಸ್ ಇಂಜಿನ್ ಗಟ್ಟಿ, 2000ದಿಂದ 2005ರವರೆಗೆ ಮಾತ್ರ ಬಂದದ್ದರಿಂದ ಒಳ್ಳೆಯದು ಸಿಗುವುದು ಕಷ್ಟ. ಸುಮೋ ಸಿಗುತ್ತದೆ, ಆದರೆ ಟ್ಯಾಕ್ಸಿ ಓಡಿದ ಸುಮೋಗಳೇ ಪೊಲೀಸ್ ವೇಷದಲ್ಲಿ ಬರುತ್ತವೆ.

ಅಂಬಾಸಿಡರ್: ಸಾಹೇಬರ ಗಾಡಿ

ಜೀಪು ಠಾಣೆಯದ್ದು, ಅಂಬಾಸಿಡರ್ ಸಾಹೇಬರದ್ದು. ವ್ಯತ್ಯಾಸ ಗೌರವದ್ದು ಮಾತ್ರ ಅಲ್ಲ. ಠಾಣೆಯ ಜೀಪನ್ನು ಸಿಕ್ಕವರೆಲ್ಲ ಓಡಿಸಿರುತ್ತಾರೆ. ಸಾಹೇಬರ ಕಾರಿಗೆ ಒಬ್ಬನೇ ಡ್ರೈವರ್, ವರ್ಷಗಟ್ಟಲೆ. ಡಿಎಆರ್‌ನಲ್ಲಿ ಡ್ರೈವರ್ ಆಗಿ ನಿವೃತ್ತರಾದ ಹಿರಿಯರೊಬ್ಬರು ನನಗೆ ಪರಿಚಯ. ತಾವು ಓಡಿಸಿದ ಅಂಬಾಸಿಡರ್‌ನ ಕ್ಲಚ್ ಬಗ್ಗೆ ಮಾತಾಡುವಾಗ ಅವರ ದನಿಯೇ ಬದಲಾಗುತ್ತದೆ. ಹಿಂದಿನ ಸೀಟಿನ ಬಿಳಿ ಟವೆಲ್ಲನ್ನು ದಿನಾ ಮನೆಗೆ ಒಯ್ದು ಒಗೆಸಿ ತರುತ್ತಿದ್ದರಂತೆ. ಇಂಥ ಕೈಯಲ್ಲಿದ್ದ ಗಾಡಿ ಸಿಕ್ಕರೆ ಪುಣ್ಯ.

ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೆ ಅಂಬಾಸಿಡರ್ ತಯಾರಾಯಿತು. ಹಳೆಯದರಲ್ಲಿ 1489 ಸಿಸಿ ಪೆಟ್ರೋಲ್, ಆಮೇಲೆ ಇಸುಜು ಮೂಲದ 1800 ಸಿಸಿ. ಇಸುಜು ಇಂಜಿನ್ ಇದ್ದರೆ ಚಾರ್ಮಾಡಿ ಹತ್ತುವಾಗ ಮನಸ್ಸಿಗೆ ನೆಮ್ಮದಿ.

ಜೀಪಿಗೆ ಹೇಳಿದ್ದಕ್ಕೆ ಇದು ಪೂರ್ತಿ ಉಲ್ಟಾ. ಅಂಬಾಸಿಡರ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾನೆಟ್ ಮೇಲಿನ ಬಾವುಟದ ಕಡ್ಡಿಯ ತೂತು, ಗ್ರಿಲ್ ಹಿಂದೆ ಸೈರನ್ ಕೂರಿಸಿದ ಗುರುತು ಇದ್ದರೆ, ನಂಬರಿಗೂ ಗುರುತಿಗೂ ಒಂದೇ ಲೋಹ. ಕಥೆ ಬದಲಾಯಿಸುವುದು ಕಷ್ಟ. ಆದರೆ ತುಕ್ಕು ಹಿಡಿದರೆ ಬಾಡಿ ಬದಲಾಯಿಸುವುದೂ ಅಷ್ಟೇ ಕಷ್ಟ. ಮಲೆನಾಡಿನ ಮಳೆಯಲ್ಲಿ ಹತ್ತು ವರ್ಷ ನಿಂತದ್ದಾದರೆ ಕಾಲಡಿಯ ಮ್ಯಾಟು ಎತ್ತಿ, ಸ್ಕ್ರೂಡ್ರೈವರಿನಲ್ಲಿ ಕುಟ್ಟಿ ನೋಡಿ. ಠಣ್ ಅನ್ನಬೇಕು. ಬುಸ್ ಅಂದರೆ ಬೇಡ. ಹಾಸನದ ಪೂರ್ವಕ್ಕೆ, ಅರಸೀಕೆರೆ, ಚನ್ನರಾಯಪಟ್ಟಣದ ಒಣ ಸೀಮೆಯಲ್ಲಿ ನಿಂತ ಅಂಬಾಸಿಡರ್‌ಗೆ ನಾನು ಎರಡು ಪಟ್ಟು ಬೆಲೆ ಕೊಡಲೂ ತಯಾರು.

50 ವರ್ಷ ದಾಟಿದ್ದು, ಮೂಲ ರೂಪದಲ್ಲೇ ಉಳಿದದ್ದು ಸಿಕ್ಕರೆ 2021ರ ವಿಂಟೇಜ್ ನಿಯಮದಲ್ಲಿ ನೋಂದಣಿ ಮಾಡಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ ವಿಎ ಅಕ್ಷರ. ದಿನಾ ಓಡಿಸುವ ಹಾಗಿಲ್ಲ. ಅಷ್ಟು ಹಳೆಯದಲ್ಲದ್ದಕ್ಕೆ ಮಾಮೂಲಿ ನವೀಕರಣವೇ. 15 ವರ್ಷ ದಾಟಿದ ಕಾರು, ಜೀಪಿಗೆ 5,000 ರೂಪಾಯಿ ಶುಲ್ಕ ಇತ್ತು. 2025ರಲ್ಲಿ, 20 ವರ್ಷ ದಾಟಿದ್ದಕ್ಕೆ 10,000 ಆಯಿತು. ಹಸಿರು ತೆರಿಗೆ ಬೇರೆ.

ಬುಲೆಟ್

ಶೆಡ್ಡಿಲ್ಲ, ದುಡ್ಡೂ ಜಾಸ್ತಿ ಇಲ್ಲ ಅನ್ನುವವರು ಇಲ್ಲಿಂದ ಶುರು ಮಾಡಬಹುದು. ಕಾಸ್ಟ್ ಐರನ್ ಇಂಜಿನ್ನಿನ 350, ಬಲಗಾಲಿನಲ್ಲಿ ಗೇರು. ಮನೆ ಜಗಲಿ ಮೇಲೂ ನಿಲ್ಲಿಸಬಹುದು. ತೊಂದರೆ ಏನಂದರೆ ಬಿಡಿಭಾಗ ಎಲ್ಲ ಕಡೆ ಸಿಗುವುದರಿಂದ ಮೂರು ಬುಲೆಟ್ ಸೇರಿಸಿ ಒಂದು ಮಾಡಿರುತ್ತಾರೆ. ಇಂಜಿನ್ ನಂಬರ್, ಚಾಸಿ ನಂಬರ್ ಎರಡೂ ಆರ್‌ಸಿಗೆ ಹೊಂದಿಕೆ ಆಗದಿದ್ದರೆ ಮುಂದಕ್ಕೆ ಮಾತೇ ಬೇಡ.

ಕಥೆಯನ್ನು ತಾಳೆ ನೋಡುವುದು

ಮಾಮೂಲಿ ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಇನ್ಶೂರೆನ್ಸ್ ಕ್ಲೇಮು ಕೇಳಿ ಅಪಘಾತ ಆಗಿದೆಯಾ ಅಂತ ತಿಳಿಯಬಹುದು. ಇಲ್ಲಿ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ವ್ಯಾಪಾರಕ್ಕೆ ಬಳಸದ ಸರ್ಕಾರಿ ವಾಹನಕ್ಕೆ ಇನ್ಶೂರೆನ್ಸ್ ಕಡ್ಡಾಯವೇ ಅಲ್ಲ. ಹಾಗಾಗಿ ಡಿಪಾರ್ಟ್‌ಮೆಂಟಿನಲ್ಲಿದ್ದಾಗ ಪಲ್ಟಿ ಹೊಡೆದಿದ್ದರೂ ಆ ಕಡತ ನಿಮಗೆ ಸಿಗದು. ಚಾಸಿಯ ವೆಲ್ಡಿಂಗ್ ಗುರುತನ್ನೇ ಓದಬೇಕು.

ಬಿ ಎಕ್ಸ್‌ಟ್ರ್ಯಾಕ್ಟ್ ನಿಮ್ಮ ಮುಖ್ಯ ಆಯುಧ. ಆರ್‌ಸಿಯಲ್ಲಿ ಈಗಿನ ಮಾಲೀಕ ಕಾಣುತ್ತಾನೆ, ಬಿ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಹಿಂದಿನವರೂ ಕಾಣುತ್ತಾರೆ. ಹಾಸನ, ಚಿಕ್ಕಮಗಳೂರು ಮಾತ್ರ ಅಲ್ಲ, ಸಕಲೇಶಪುರದ 46, ತರೀಕೆರೆಯ 66 ನಂಬರಿನ ಗಾಡಿಯಾದರೆ ಆ ಆಫೀಸಿಗೇ ಹೋಗಬೇಕಾಗಬಹುದು. ಕದ್ದ ಗಾಡಿಯಾ ಅಂತ ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ‘ವಾಹನ್ ಸಮನ್ವಯ್’ ಇದೆ. ಇಂಜಿನ್, ಚಾಸಿ ನಂಬರ್ ಹಾಕಿದರೆ ಮನೆಯಲ್ಲೇ ಕೂತು ಗೊತ್ತಾಗುತ್ತದೆ.

ಇನ್ನೂ ಆಳಕ್ಕೆ ಇಳಿಯಬೇಕಾ? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಈ ಗಾಡಿ ಯಾವ ಎನ್‌ಕೌಂಟರ್‌ಗೆ ಹೋಗಿತ್ತು’ ಅಂತ ಕೇಳಬೇಡಿ, ಉತ್ತರ ಬರುವುದಿಲ್ಲ, ನಿಮ್ಮ ಮೇಲೇ ಪ್ರಶ್ನೆ ಬರಬಹುದು. ‘ಇಂಥ ವರ್ಷ ವಿಲೇವಾರಿ ಮಾಡಿದ ವಾಹನಗಳ ಪಟ್ಟಿ ಕೊಡಿ’ ಅಂತ ಕೇಳಿ. ಪಟ್ಟಿಯಲ್ಲಿ ನಿಮ್ಮ ಗಾಡಿಯ ನಂಬರ್ ಇದ್ದರೆ ಅದೇ ಸಾಕು.

ಮಾರುವವರು ಅಸಲಿ ಲಾಗ್ ಬುಕ್ ತೋರಿಸಿದರೆ ಖುಷಿಪಡಬೇಡಿ. ಲಾಗ್ ಬುಕ್ ಸರ್ಕಾರಿ ದಾಖಲೆ, ಪೊಲೀಸರ ಗಾಡಿಗಳನ್ನು ನೋಡಿಕೊಳ್ಳುವ ಎಂಟಿ ಸೆಕ್ಷನ್‌ನಲ್ಲಿ ಇರಬೇಕಾದದ್ದು. ಅದು ಇವರ ಕೈಗೆ ಹೇಗೆ ಬಂತು ಅನ್ನುವುದೇ ಮೊದಲ ಪ್ರಶ್ನೆ. ನಕಲಿಯಾಗಿದ್ದರೆ ಮೋಸ, ಅಸಲಿಯಾಗಿದ್ದರೆ ಇನ್ನೂ ದೊಡ್ಡ ತಲೆನೋವು.

ಗುಂಡಿನ ತೂತುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ತಗಡಿಗೆ ಗುಂಡು ಹೊಕ್ಕರೆ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ, ಸುತ್ತ ತಗ್ಗು ಬೀಳುತ್ತದೆ. ಡ್ರಿಲ್ ಹಾಕಿದರೆ ಅಂಚು ನೀಟಾಗಿ ದುಂಡಗೆ ಇರುತ್ತದೆ. ನಾನು ಈವರೆಗೆ ನೋಡಿದ ‘ಗುಂಡಿನ ತೂತು’ ನಾಲ್ಕು. ನಾಲ್ಕೂ ಡ್ರಿಲ್ಲಿನವು. ಒಂದರ ಬೋಲ್ಟು ಇನ್ನೂ ಒಳಗೇ ಬಿದ್ದಿತ್ತು! ನಿಜವಾದದ್ದು ಸಿಕ್ಕರೂ ನಾನು ಅದಕ್ಕೆ ಜಾಸ್ತಿ ದುಡ್ಡು ಕೊಡುವವನಲ್ಲ. ಆ ತೂತಿನ ಆಚೆ ಒಬ್ಬ ಮನುಷ್ಯ ಕೂತಿದ್ದ ಅಲ್ವಾ.

ಕೊಂಡ ಮೇಲೆ ಏನು ಉಳಿಸಿಕೊಳ್ಳಬಹುದು

ತೂತು ಉಳಿಸಿಕೊಳ್ಳಬಹುದು, ತೂತಿನಲ್ಲಿದ್ದ ಸಾಮಾನು ಉಳಿಸಿಕೊಳ್ಳುವ ಹಾಗಿಲ್ಲ. ಕೆಂಪು ದೀಪ 2017ರ ಮೇ 1ಕ್ಕೆ ಮಂತ್ರಿಗಳ ಕಾರಿನಿಂದಲೇ ಇಳಿಯಿತು, ನಮಗೆಲ್ಲಿಯ ದೀಪ? ಪೊಲೀಸರು ಹಾಕುವ ಬಣ್ಣಬಣ್ಣದ ದೀಪ ತುರ್ತು ಸೇವೆಯ ಗಾಡಿಗಳಿಗೆ ಮಾತ್ರ. ಸೈರನ್ ಥರ ಕೂಗುವ ಹಾರ್ನು ನಿಯಮ 119ರ ಪ್ರಕಾರ ನಿಷಿದ್ಧ. ‘ಪೊಲೀಸ್’ ಅಂತ ಬರೆದಿರುವುದು, ಲಾಂಛನ, ಸ್ಟಾರ್ ಪ್ಲೇಟ್ ಎಲ್ಲ ಅಳಿಸಿಯೇ ರಸ್ತೆಗೆ ಇಳಿಸಬೇಕು. ಮೋಸದ ಉದ್ದೇಶದಿಂದ ಸರ್ಕಾರಿ ನೌಕರರ ವೇಷ, ಗುರುತು ಬಳಸುವುದು ಭಾರತೀಯ ನ್ಯಾಯ ಸಂಹಿತೆಯ 205ನೇ ಕಲಂನಲ್ಲಿ ಅಪರಾಧ. ನಿಮಗೆ ಆ ಉದ್ದೇಶ ಇಲ್ಲದೇ ಇರಬಹುದು. ಚೆಕ್‌ಪೋಸ್ಟಿನಲ್ಲಿ ಅದನ್ನು ವಿವರಿಸುತ್ತಾ ನಿಲ್ಲುವುದು ಯಾರಿಗೆ ಬೇಕು?

ಹರಾಜಿನಲ್ಲಿ ನೇರ ತಗೊಂಡರೆ ಫಾರಂ 32, ಗಾಡಿ ಕೈಗೆ ಬಂದ 30 ದಿನದೊಳಗೆ. ಬೇರೆಯವರಿಂದ ತಗೊಂಡರೆ ಫಾರಂ 29, 30. ಮಾರಿದವರ ಜೇಬಲ್ಲಿ ‘ಸಹಿ ಹಾಕಿದ ಖಾಲಿ ಫಾರಂ’ ಇದ್ದರೆ, ನಡುವೆ ಎಷ್ಟು ಕೈ ದಾಟಿದೆ ಅಂತ ಕೇಳಿ.

ಹಾಗಾದರೆ ಯಾವುದು?

ತೋಟ ಇದೆ, ಓಡಿಸಲೂಬೇಕು, ಕಥೆ ಇದ್ದರೆ ಇರಲಿ ಅನ್ನುವವರು ಜಿಪ್ಸಿ ನೋಡಿ. ನಿಜವಾದ, ಕಾಗದ ಸಮೇತ ಡಿಪಾರ್ಟ್‌ಮೆಂಟ್ ಗಾಡಿಯೇ ಬೇಕು, ಯಾರು ನಕ್ಕರೂ ಪರವಾಗಿಲ್ಲ ಅನ್ನುವವರಿಗೆ ಬೊಲೆರೊ. ಇನ್ನಿಪ್ಪತ್ತು ವರ್ಷಕ್ಕೆ ಅದಕ್ಕೂ ಬೆಲೆ ಬರುತ್ತದೆ ಅಂತ ನನ್ನ ಲೆಕ್ಕ. ನೆರಳಿರುವ ಶೆಡ್ಡು ಮತ್ತು ತಾಳ್ಮೆ ಎರಡೂ ಇದ್ದರೆ ಅಂಬಾಸಿಡರ್. ಜೀಪು ಬೇಕೇ ಬೇಕು ಅನ್ನುವವರಿಗೆ ನಾನು ಬೇಡ ಅನ್ನುವುದಿಲ್ಲ. ಅಂದರೂ ನೀವು ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ. ಜೀಪಿನ ರೇಟು ಕೊಡಿ, ಕಥೆಯ ರೇಟು ಕೊಡಬೇಡಿ.

ಈ ಭಾನುವಾರ ಅರಸೀಕೆರೆ ಕಡೆ ಒಂದು ಅಂಬಾಸಿಡರ್ ನೋಡಲು ಹೋಗುತ್ತಿದ್ದೇನೆ. ಫೋನಿನಲ್ಲಿ ಕೇಳಿದೆ, ‘ಯಜಮಾನ್ರೇ, ಪೊಲೀಸ್ ಗಾಡಿನಾ?’ ಆ ಕಡೆಯಿಂದ ಉತ್ತರ ಬಂತು: ‘ಹಂಗಂತಾರಪ್ಪ, ನಮಗ್ ಗೊತ್ತಿಲ್ಲ. ಹದಿನೈದು ವರ್ಷದಿಂದ ಕೊಟ್ಟಿಗೇಲಿ ಐತೆ. ಕೋಳಿ ಕೂತ್ಕಂತಾವೆ. ಬಂದ್ ನೋಡು.’ ಸ್ಕ್ರೂಡ್ರೈವರು, ಟಾರ್ಚು ಚೀಲಕ್ಕೆ ಹಾಕಿಟ್ಟಿದ್ದೇನೆ.